ಹೆಬ್ಬಾತು ಬಂದಿವೆ, ನೀನು ಯಾವಾಗ?

ಪ್ರೀತಿಯ ಪುಟ್ಟೀ,

ನಿನ್ನ ಮೆಸೇಜು ನೋಡಿ ಒಬ್ಬಳೇ ನಕ್ಕೆ. ಹದ್ದು ಹೆಬ್ಬಾತನ್ನು ಎತ್ತಿಕೊಂಡು ಹೋಗೋ ಫೋಟೊ ‘ಒಂದೇ ಒಂದು’ ಸಿಕ್ಕರೆ ಸಾಕಂತೆ! ಹೊಸ ಲೆನ್ಸಿನ ಕಂತು ಇನ್ನೂ ತೀರಿಲ್ಲ ಅಂತ ನನಗೆ ಗೊತ್ತು. ಚಿಕ್ಕಮ್ಮನ ಮುಂದೆ ಬಾಯಿ ಬಿಡೋದಿಲ್ಲ, ಹೆದರಬೇಡ.

ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿವೆ ಕಣೇ. ಎಲ್ಲಿಯ ಮಂಗೋಲಿಯಾ, ಎಲ್ಲಿಯ ಟಿಬೆಟ್ಟು, ಎಲ್ಲಿಯ ನಮ್ಮ ಶಿರಹಟ್ಟಿ ತಾಲ್ಲೂಕು! ಹಿಮಾಲಯ ದಾಟುವಾಗ ಇವು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಇಲ್ಲಿ ನೋಡಿದರೆ ಬಿಸಿಲಿಗೆ ಮೈಯೊಡ್ಡಿ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ, ಒಂಟಿಕಾಲಲ್ಲಿ ತೂಕಡಿಸುತ್ತಿರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ: ಒಂದು ಕಣ್ಣಿಂದ ಕಣ್ಣಿಗೆ, ಇನ್ನೊಂದು ಅದರ ಕೆಳಗೆ ಗಿಡ್ಡಗೆ. ಸಣ್ಣವಳಿದ್ದಾಗ ಕಾಡಿಗೆ ಡಬ್ಬಿ ಸಿಕ್ಕರೆ ನೀನು ಬಳಿದುಕೊಳ್ತಿದ್ದೆಯಲ್ಲ, ಥೇಟ್ ಹಾಗೇ.

ಆದರೆ ನೀನು ಕಾಯೋ ನಾಟಕ ಇಲ್ಲಿ ನಡೆಯೋದು ಕಷ್ಟ. ಕೆರೆಯ ಮೇಲೆ ಸುತ್ತೋ ಬೇಟೆಹಕ್ಕಿ ಹೆಚ್ಚಾಗಿ ಜೌಗು ಸೆಳೆವ. ಅದೇ ಒಂದು ಕಿಲೊ ತೂಗೋದಿಲ್ಲ, ಎರಡೂವರೆ ಕಿಲೊ ಹೆಬ್ಬಾತನ್ನು ಎಲ್ಲಿಂದ ಎತ್ತೀತು? ಗಾಯವಾದ, ಬಳಲಿದ ಸಣ್ಣ ಹಕ್ಕಿಗಳ ಮೇಲೇ ಅದರ ಕಣ್ಣು. ರೆಕ್ಕೆ ತುಸು ಮೇಲೆತ್ತಿ ಹಿಡಿದು ಜೊಂಡಿನ ಮೇಲೆ ತೇಲಿ ಬರುತ್ತೆ. ನಾಮದಕೋಳಿಗಳು ದಡಬಡ ಒಂದೆಡೆ ಗುಂಪುಗೂಡುತ್ತವೆ. ಹೆಬ್ಬಾತುಗಳಿಗೆ ಅಷ್ಟು ಗಾಬರಿಯಿಲ್ಲ. ನಿದ್ದೆಯಲ್ಲಿದ್ದವು ಒಂದೊಂದಾಗಿ ಕುತ್ತಿಗೆ ನೆಟ್ಟಗೆ ಮಾಡುತ್ತವೆ, ಎಲ್ಲದರ ಮುಖವೂ ಒಂದೇ ಕಡೆಗೆ. ನನಗಂತೂ ಆ ಹೊತ್ತೇ ಇಷ್ಟ. ಯಾರೂ ಸಾಯೋದಿಲ್ಲ, ಆದರೂ ಎದೆ ಡವಡವ ಅನ್ನುತ್ತೆ. ಅದನ್ನು ತೆಗಿ, ಜಾಣೆ ಅಂತೀನಿ.

ಚಿಂತೆ ಇರೋದು ಬೇರೆ. ಹಗಲೆಲ್ಲ ಇಲ್ಲಿ ಮಲಗಿ, ಕತ್ತಲಾದ ಮೇಲೆ ಹೆಬ್ಬಾತುಗಳು ಕಡಲೆ, ಶೇಂಗಾ ಹೊಲಕ್ಕೆ ಇಳಿಯುತ್ತವೆ. 2024ರಲ್ಲಿ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ ಅನ್ನೋ ರಾಮ್ಸಾರ್ ಪಟ್ಟ ಸಿಕ್ಕಿತು, ಸಂತೋಷವೇ. ಆದರೆ ಮಾವನ ಹೊಲದ ಅಂಚಲ್ಲಿ ನಿಂತರೆ ಆ ಸಂತೋಷ ಸ್ವಲ್ಪ ನಾಚುತ್ತೆ. “ಬೀಗರು ನಿಮಗ, ಉಣ್ಣಾಕ ಹಾಕಾಂವ ನಾನು” ಅಂತಾರೆ. ಬೈತಾರೆ, ಕಲ್ಲು ಮಾತ್ರ ಎತ್ತೋದಿಲ್ಲ. ಬೀಗರೂಟದ ಖರ್ಚನ್ನು ಒಬ್ಬನ ತಲೆಗೇ ಕಟ್ಟೋದು ಅನ್ಯಾಯ ಅಂತಲೇ ನನಗೂ ಅನಿಸೋದು. ಅದೇ ಹೊಲದ ಮೇಲೆ ಹಗಲು ಮಾಂಟೆಗು ಸೆಳೆವ ಮಿಡತೆ ಹಿಡೀತಾ ತಿರುಗುತ್ತೆ. ಅದೂ ದೂರದ ಚಳಿ ದೇಶದಿಂದ ಬಂದದ್ದೇ. “ಒಬ್ಬರು ತಿಂದದ್ದನ್ನ ಇನ್ನೊಬ್ಬರು ತೀರಿಸಿದರಲ್ಲ ಮಾವಾ” ಅಂದರೆ, “ಮಿಡತಿ ಲೆಕ್ಕ ಯಾರು ಬರಕೊಂತಾರವ್ವಾ” ಅಂದುಬಿಟ್ಟರು. ನಾನು ಸುಮ್ಮನಾದೆ.

ಸಂಕ್ರಾಂತಿ ಹೊತ್ತಿಗೆ ಬಂದುಬಿಡು. ಮಾರ್ಚ್ ಹತ್ತಿರಾದರೆ ಹೆಬ್ಬಾತುಗಳು ಹೊರಡೋ ತಯಾರಿಯಲ್ಲಿರುತ್ತವೆ. ಆ ಕೆಂಪು ಜಾಕೆಟ್ಟು ಬೇಡ, ಡ್ರೋನ್ ಹಾರಿಸೋ ಗೆಳೆಯನಂತೂ ಬೇಡವೇ ಬೇಡ. ಅತ್ತೆಯ ಮಂಡಿನೋವು ಹಾಗೇ ಇದೆ, ಕಳೆದ ಸಲ ತಂದ ಎಣ್ಣೆ ಇನ್ನೆರಡು ಬಾಟಲಿ ತಾ. ಎಣ್ಣೆಗಾಯಿ ನಾನು ಮಾಡ್ತೀನಿ, ರೊಟ್ಟಿ ನೀನೇ ತಟ್ಟಬೇಕು.

ನಿನ್ನ ಅಕ್ಕ