ಚಳಿಯ ಊರಿನಲ್ಲಿ ಬಿಸಿಯಾದ ಯಂತ್ರ

ನೀಲಗಿರಿ ಜಿಲ್ಲೆಯ ಪಡುವಣ ಅಂಚಿನಲ್ಲಿ, ಗೂಡಲೂರಿನಿಂದ ನಾಡುಗಾಣಿಯ ಮೂಲಕ ಪಂದಲೂರಿಗೆ ಹೋಗುವ ದಾರಿಯಲ್ಲಿರುವ ನಮ್ಮ ದೇವಾಲವು ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. ಜೂನ್ ತಿಂಗಳಲ್ಲಿ ನೈಋತ್ಯ ಮಾರುತವು ಘಟ್ಟವನ್ನೇರಿ ಬಂತೆಂದರೆ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರೂರುತ್ತದೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಇಂಥ ಊರಿನಲ್ಲಿ ಯಾವ ಯಂತ್ರ ಕೆಟ್ಟರೂ ಕಾರಣವನ್ನು ಹುಡುಕುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ರೇಡಿಯೋ ಗೊರಗುಟ್ಟಿದರೆ ಮಳೆ, ಗೋಡೆಯ ಗಡಿಯಾರ ನಿಂತರೆ ಮಳೆ, ಟೆಲಿಫೋನು ಮೂಕವಾದರೂ ಮಳೆ. ನಮ್ಮ ಮನೆಯ ಮೇಜಿನ ಮೇಲಿನ ಕಂಪ್ಯೂಟರು ಒಂದು ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ತಾನೇ ತಾನಾಗಿ ಆರಿಹೋಗತೊಡಗಿದಾಗಲೂ ಊರವರ ತೀರ್ಪು ಸಿದ್ಧವಾಗಿಯೇ ಇತ್ತು.

ಆ ಯಂತ್ರವು ನಮಗೆ ಏಕೆ ಮುಖ್ಯವೆಂಬುದನ್ನು ಮೊದಲು ಹೇಳಬೇಕು. ಗಡಿಯ ಈಚೆ ಬಾಳುವ ಕನ್ನಡದ ಮನೆಗಳ ಸ್ಥಿತಿ ವಾಚಕರಿಗೆ ಹೊಸದಲ್ಲ. ಮಕ್ಕಳು ಶಾಲೆಯಲ್ಲಿ ತಮಿಳನ್ನೂ ಇಂಗ್ಲಿಷನ್ನೂ ಕಲಿಯುತ್ತಾರೆ. ಅಂಗಡಿಯಲ್ಲಿ ಮಲಯಾಳವನ್ನು ಆಡುತ್ತಾರೆ. ತೋಟದ ಹಾದಿಯಲ್ಲಿ ಪಣಿಯರ, ಕುರುಂಬರ ನುಡಿಗಳೂ ಕಿವಿಗೆ ಬೀಳುತ್ತವೆ. ಕನ್ನಡವು ಅಡುಗೆಮನೆಯಲ್ಲಿ ಉಳಿದಿರುತ್ತದೆ, ಅದೂ ಹಿರಿಯರಿರುವ ತನಕ. ನಮ್ಮ ತಾಯಿಯವರಿಗೆ ಈಗ 83 ವರ್ಷ. ಗುಂಡ್ಲುಪೇಟೆಯ ಕಡೆಯ ಹಳ್ಳಿಯೊಂದರಿಂದ ಮದುವೆಯಾಗಿ ಕಾಡು ದಾಟಿ ಈಚೆಗೆ ಬಂದವರು. ಮಳೆಯ ನಕ್ಷತ್ರಗಳ ಲೆಕ್ಕ, ಹೊಲಗೆಲಸದ ಮಾತುಗಳು, ರಾಗಿ ಬೀಸುವಾಗ ಕೇಳಿದ ಕಥೆಗಳು, ಯಾರ ಮನೆಗೆ ಯಾರು ಸೊಸೆಯಾಗಿ ಬಂದರೆಂಬ ವಿವರ, ಇವೆಲ್ಲ ಅವರ ಬಾಯಲ್ಲಿಯೇ ಇವೆ. ಅವರು ಹೇಳುವುದು, ನಾವು ಬೆರಳಚ್ಚಿಸುವುದು, ಹೀಗೆ ಎರಡು ವರ್ಷಗಳಿಂದ ಸಂಜೆಯ ಹೊತ್ತು ಒಂದು ಕೆಲಸ ನಡೆದು ಬಂದಿತ್ತು. ನಮ್ಮ ಮಗಳು ಕನ್ನಡದ ಅಕ್ಷರಗಳನ್ನು ಕಲಿತದ್ದೂ ಅಜ್ಜಿಯ ಮಾತು ಮೂಡುತ್ತಿದ್ದ ಆ ಪರದೆಯ ಮೇಲೆಯೇ.

ಆರಿದ್ರಾ ಮಳೆಯ ಒಂದು ಸಂಜೆ, ತಾಯಿಯವರು ತಮ್ಮ ತವರಿನ ಕೆರೆ ತುಂಬಿದ ವರ್ಷದ ವಿಚಾರವನ್ನು ಹೇಳುತ್ತಿದ್ದಾಗ ಪರದೆ ಕಪ್ಪಾಯಿತು. ದೀಪ ಉರಿಯುತ್ತಿತ್ತು, ಯಂತ್ರ ಮಾತ್ರ ಆರಿತ್ತು. ಮತ್ತೆ ಚಾಲೂ ಮಾಡಿ ನೋಡಿದಾಗ, ಹತ್ತು ನಿಮಿಷಕ್ಕೊಮ್ಮೆ ತಂತ್ರಾಂಶವು ತಾನಾಗಿ ಉಳಿಸಿಟ್ಟುಕೊಳ್ಳುವ ಪ್ರತಿ ದೊರೆಯಿತು. ಅದರ ಅನಂತರದ ಮುಕ್ಕಾಲು ಪುಟ ದೊರೆಯಲಿಲ್ಲ. “ಅಮ್ಮಾ, ಇನ್ನೊಂದು ಸಲ ಹೇಳಿ” ಎಂದು ಕೇಳಿದೆವು. “ಹೇಳಾಯ್ತಲ್ಲ ಮಗಾ, ಅದೇ ಮಾತು ಹಂಗೇ ತಿರ್ಗ ಬಂದದಾ?” ಎಂದರು. ಹೇಳಿದರು, ನಿಜ. ಆದರೆ ಮೊದಲ ಸಲ ಬಂದಿದ್ದ ಎರಡು ಮೂರು ಹೆಸರುಗಳು ಎರಡನೆಯ ಸಲ ಬರಲಿಲ್ಲ. ಅವು ಇಂದಿಗೂ ಬಂದಿಲ್ಲ.

ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಎರಡು ಸಲ ಆಯಿತು. ಸಲಹೆಗಳಿಗೇನೂ ಕೊರತೆಯಿರಲಿಲ್ಲ. ಕೊಯಮತ್ತೂರಿನಲ್ಲಿ ಓದುವ ಬಂಧುವೊಬ್ಬ ವೈರಸ್ ಇರಬೇಕೆಂದನು. ನೆರೆಮನೆಯವರು ಸಿಡಿಲಿನ ಪ್ರಭಾವವೆಂದರು. ಪೇಟೆಯ ದುರಸ್ತಿಗಾರರೊಬ್ಬರು ಪೆಟ್ಟಿಗೆಯನ್ನು ತೆರೆಯದೆಯೇ ಮದರ್‌ಬೋರ್ಡ್ ಬದಲಾಯಿಸಬೇಕು, ಅದರ ಬದಲು ಹೊಸದನ್ನೇ ಕೊಳ್ಳುವುದು ಲೇಸು ಎಂದರು. ಉಳಿದವರೆಲ್ಲ ಒಕ್ಕೊರಲಿನಿಂದ, “ತಂಡಿ ಕಣ್ರೀ, ಒಳಗೆ ನೀರು ಕೂತಿದೆ” ಎಂದರು.

ಕಾರಣ ತಿಳಿಯುವ ಮೊದಲೇ ಹಣ ಸುರಿಯುವುದರ ಫಲವೇನೆಂಬುದನ್ನು ದೇವಾಲದವರಿಗೆ ಬೇರೆಯವರು ಹೇಳಬೇಕಾಗಿಲ್ಲ. 1880ರ ಆಸುಪಾಸಿನಲ್ಲಿ ಈ ಬೆಟ್ಟಗಳಲ್ಲಿ ಚಿನ್ನವಿದೆಯೆಂಬ ಸುದ್ದಿ ಲಂಡನ್ನಿನವರೆಗೆ ಹಬ್ಬಿತು. ಆಸ್ಟ್ರೇಲಿಯಾದಿಂದ ಬಂದಿದ್ದ ಬ್ರೌ ಸ್ಮಿತ್ ಎಂಬ ತಜ್ಞರ ಆಶಾದಾಯಕ ವರದಿಯನ್ನು ನಂಬಿ ಅಲ್ಲಿ ಕಂಪನಿಗಳ ಮೇಲೆ ಕಂಪನಿಗಳು ಹುಟ್ಟಿದವು, ಷೇರುಗಳು ಮಾರಾಟವಾದವು, ಭಾರೀ ಯಂತ್ರಗಳನ್ನು ಹಡಗಿನಲ್ಲಿ ತಂದು ಘಟ್ಟ ಹತ್ತಿಸಿದರು. ಬಂಡೆಯನ್ನು ಅರೆದು ನೋಡಿದಾಗ ಸಿಕ್ಕಿದ ಚಿನ್ನವು ಖರ್ಚಿಗೂ ಸಾಲಲಿಲ್ಲ. ಕೆಲವೇ ವರ್ಷಗಳಲ್ಲಿ ಎಲ್ಲವೂ ಮುಗಿದುಹೋಯಿತು. ಮೊದಲು ಯಂತ್ರ, ಆಮೇಲೆ ಪರೀಕ್ಷೆ ಎಂಬ ಆ ಕ್ರಮವನ್ನು ನಮ್ಮ ಪುಟ್ಟ ಪೆಟ್ಟಿಗೆಯ ವಿಷಯದಲ್ಲಿ ಅನುಸರಿಸಲು ನಮಗೆ ಮನಸ್ಸು ಬರಲಿಲ್ಲ.

ಆದ್ದರಿಂದ ಕೆಲಸಕ್ಕೆ ಹಿಡಿದ ಮೊದಲ ಉಪಕರಣ ನಲವತ್ತು ಪುಟದ ಒಂದು ನೋಟ್‌ಬುಕ್ಕು. ಯಂತ್ರ ಆರಿದ ದಿನ, ಹೊತ್ತು, ಚಾಲೂ ಮಾಡಿ ಎಷ್ಟು ನಿಮಿಷವಾಗಿತ್ತು, ಆಗ ಏನು ಕೆಲಸ ನಡೆದಿತ್ತು, ಮಳೆ ಇತ್ತೇ ಇಲ್ಲವೇ, ದೀಪ ಮಂಕಾಯಿತೇ ಇಲ್ಲವೇ ಎಂಬುದನ್ನೆಲ್ಲ ಬರೆದಿಡತೊಡಗಿದೆವು. ಕಂಪ್ಯೂಟರು ತಾನೂ ಒಂದು ದಿನಚರಿಯನ್ನು ಇಟ್ಟಿರುತ್ತದೆ. ವಿಂಡೋಸ್ ಬಳಸುವವರು ‘ಈವೆಂಟ್ ವ್ಯೂವರ್’ ಎಂಬುದನ್ನು ತೆರೆದರೆ ಅದು ಕಾಣುತ್ತದೆ. ಅಲ್ಲಿ ‘ಕರ್ನಲ್ ಪವರ್ 41’ ಎಂಬ ನಮೂದಿದ್ದರೆ ಯಂತ್ರವು ಕ್ರಮವಾಗಿ ಮುಚ್ಚಿಕೊಳ್ಳದೆ ಥಟ್ಟನೆ ನಿಂತಿತೆಂದು ಅರ್ಥ. 1074 ಎಂಬ ನಮೂದಿದ್ದರೆ ಯಾವುದೋ ತಂತ್ರಾಂಶ ಅಥವಾ ಬಳಸುವವರೇ ಅದನ್ನು ಮುಚ್ಚಲು ಹೇಳಿದ್ದಾರೆಂದು ಅರ್ಥ. ನಮ್ಮಲ್ಲಿ ಪ್ರತಿಸಲವೂ 41 ಇತ್ತು. ಏಕೆ ನಿಂತಿತೆಂಬುದನ್ನು ಈ ನಮೂದು ತಿಳಿಸುವುದಿಲ್ಲ. ಆದರೂ ಯಾವುದೋ ತಂತ್ರಾಂಶ ಕ್ರಮವಾಗಿ ಮುಚ್ಚಿಸುತ್ತಿದೆಯೆಂಬ ಸಂಶಯವನ್ನು ಅದು ದೂರಮಾಡಿತು.

ಮುಂದಿನ ಸಂಶಯ ವಿದ್ಯುತ್ತಿನ ಮೇಲೆ. ಇದೇ ಜಿಲ್ಲೆಯ ಪೈಕಾರಾದ ನೀರಿನಿಂದ 1930ರ ದಶಕದಿಂದಲೂ ವಿದ್ಯುತ್ತು ಉತ್ಪತ್ತಿಯಾಗುತ್ತಿದೆ. ಆದರೂ ಮರಗಳ ನಡುವೆ ಹಾದುಬರುವ ತಂತಿಯ ಕೊನೆಯಲ್ಲಿರುವ ಮನೆಗಳಿಗೆ ಮಳೆಗಾಲದಲ್ಲಿ 230 ವೋಲ್ಟು ಸದಾ ದೊರೆಯುವುದೆಂದು ಹೇಳಲಾಗದು. ಮೊದಲು ಯುಪಿಎಸ್ ಪೆಟ್ಟಿಗೆಯನ್ನು ನಡುವಿನಿಂದ ತೆಗೆದು ಕಂಪ್ಯೂಟರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಜೋಡಿಸಿದೆವು. ಯುಪಿಎಸ್ಸಿನ ಬ್ಯಾಟರಿಗೆ ಸಾಮಾನ್ಯವಾಗಿ ಮೂರು ನಾಲ್ಕು ವರ್ಷಗಳ ಆಯುಸ್ಸು. ಅದು ಸತ್ತಿದ್ದರೆ ದೀಪ ಒಮ್ಮೆ ಮಿಟುಕಿದರೂ ಸಾಕು, ಯಂತ್ರ ಆರುತ್ತದೆ. ನಮ್ಮದು ಆಗಲೂ ಆರಿತು. ನೋಟ್‌ಬುಕ್ಕಿನಲ್ಲಿ ನೋಡಿದರೆ ಒಂಬತ್ತು ಸಲಗಳಲ್ಲಿ ಏಳು ಸಲ ದೀಪವು ಮಂಕಾಗಿಯೇ ಇರಲಿಲ್ಲ. ಮೂರು ಸಲ ಮಳೆಯೂ ನಿಂತಿತ್ತು. ಮಳೆರಾಯನ ಮೇಲಿನ ಆರೋಪ ಅಲ್ಲಿಗೆ ಸಡಿಲವಾಯಿತು.

ಅದೇ ಪುಟಗಳಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ದಿನದಲ್ಲಿ ಮೊದಲ ಸಲ ಯಂತ್ರವು ಸುಮಾರು ಐವತ್ತು ನಿಮಿಷ ನಡೆದು ಆರುತ್ತಿತ್ತು. ಕೂಡಲೇ ಚಾಲೂ ಮಾಡಿದರೆ ಎರಡನೆಯ ಸಲ ಹನ್ನೆರಡು ನಿಮಿಷಕ್ಕೇ ಆರುತ್ತಿತ್ತು. ಊಟ ಮುಗಿಸಿ ಒಂದು ಗಂಟೆ ಬಿಟ್ಟು ಹಾಕಿದರೆ ಮತ್ತೆ ಐವತ್ತು ನಿಮಿಷ. ದಣಿದ ಎತ್ತು ವಿಶ್ರಾಂತಿಯ ಅನಂತರ ಎದ್ದು ನಡೆಯುವಂತೆ! ವಿಶ್ರಾಂತಿಯಿಂದ ಗುಣವಾಗುವ ರೋಗ ಯಂತ್ರಕ್ಕೆ ಬಹುಮಟ್ಟಿಗೆ ಒಂದೇ, ಅದು ತಾಪ. ಚಳಿಗೆ ಕಂಬಳಿ ಹೊದ್ದು ಕೂತಿದ್ದ ನಮಗೆ ಪಕ್ಕದಲ್ಲಿಯೇ ಒಂದು ವಸ್ತು ಬಿಸಿಯಿಂದ ಬಳಲುತ್ತಿದೆಯೆಂಬುದು ಹೊಳೆಯುವುದು ಹೇಗೆ?

ಊಹೆಯನ್ನು ಪರೀಕ್ಷಿಸುವ ಉಪಾಯ ಸುಲಭವಾಗಿತ್ತು. ಯಂತ್ರವನ್ನು ಚಾಲೂ ಮಾಡಿದ ಕೂಡಲೇ ‘ಡಿಲೀಟ್’ ಅಥವಾ ‘ಎಫ್2’ ಕೀಲಿಯನ್ನು ಒತ್ತಿದರೆ ಹೆಚ್ಚಿನ ಕಂಪ್ಯೂಟರುಗಳಲ್ಲಿ ‘ಬಯಾಸ್’ ಎಂಬ ಪ್ರಾಥಮಿಕ ಪುಟ ತೆರೆಯುತ್ತದೆ. ಆಗ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ. ಬಹಳಷ್ಟು ಯಂತ್ರಗಳು ಅಲ್ಲಿ ಪ್ರೊಸೆಸರಿನ ತಾಪವನ್ನೂ ಫ್ಯಾನಿನ ವೇಗವನ್ನೂ ತೋರಿಸುತ್ತವೆ. ಆ ಪುಟವನ್ನು ತೆರೆದಿಟ್ಟು, ಗಡಿಯಾರವನ್ನು ಪಕ್ಕದಲ್ಲಿಟ್ಟುಕೊಂಡು ಕಾದೆವು. 58, 66, 75, 84, ಅಂಕಿ ಏರುತ್ತಲೇ ಹೋಯಿತು. 97 ಡಿಗ್ರಿ ಕಂಡ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು. ವಿಂಡೋಸ್ ಏಳುವ ಮೊದಲೇ ಹೀಗಾದ್ದರಿಂದ ವೈರಸ್ಸೂ ನಿರಪರಾಧಿಯೆಂದು ಸಿದ್ಧವಾಯಿತು.

ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದೆವು. ಪ್ರೊಸೆಸರಿನ ಮೇಲೆ ಅಲ್ಯೂಮಿನಿಯಂ ಹಲ್ಲುಗಳುಳ್ಳ ಒಂದು ಗಟ್ಟಿ ಇರುತ್ತದೆ. ಅದಕ್ಕೆ ಹೀಟ್‌ಸಿಂಕ್ ಎನ್ನುತ್ತಾರೆ. ಅದರ ಮೇಲೆ ಒಂದು ಪುಟ್ಟ ಫ್ಯಾನು. ಹಲ್ಲುಗಳ ನಡುವೆ ಗಾಳಿ ಹಾಯ್ದು ಬಿಸಿಯನ್ನು ಹೊತ್ತೊಯ್ಯಬೇಕು. ಫ್ಯಾನು ತಿರುಗುತ್ತಿತ್ತು, ಆದರೆ ಅದರ ಕೆಳಗೆ ಗಾಳಿ ಹೋಗಲು ದಾರಿಯಿರಲಿಲ್ಲ. ಸೌದೆ ಒಲೆಯ ಮಸಿ, ಉಣ್ಣೆಬಟ್ಟೆಯ ಎಳೆ, ಮಂಜಿನ ತೇವ ಮೂರೂ ಬೆರೆತು ಕಂಬಳಿಯ ತುಂಡಿನಂಥ ಒಂದು ಹೊದಿಕೆ ಹಲ್ಲುಗಳನ್ನು ಮುಚ್ಚಿತ್ತು. ಒಣ ಊರಿನ ಧೂಳು ಊದಿದರೆ ಹಾರುತ್ತದೆ. ನಮ್ಮ ಊರಿನದು ಮೆತ್ತಿಕೊಳ್ಳುತ್ತದೆ. ಊರವರ ತೀರ್ಪಿನಲ್ಲಿ ಅಷ್ಟರಮಟ್ಟಿಗೆ ಸತ್ಯವಿತ್ತೆಂದು ಒಪ್ಪಬೇಕು.

ಪಂದಲೂರಿನಿಂದ ಬಂದ ವಿದ್ಯುತ್ ಕೆಲಸದ ತರುಣನ ನೆರವಿನಿಂದ ಉಳಿದದ್ದನ್ನು ಮುಗಿಸಿದೆವು. ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಮೃದುವಾದ ಕುಂಚದಿಂದ ಹೊದಿಕೆಯನ್ನು ಎಬ್ಬಿಸಿದೆವು. ಹೀಟ್‌ಸಿಂಕಿಗೂ ಪ್ರೊಸೆಸರಿಗೂ ನಡುವೆ ಬಿಸಿಯನ್ನು ದಾಟಿಸಲು ಒಂದು ಬಗೆಯ ಲೇಪ ಹಚ್ಚಿರುತ್ತಾರೆ. ವರ್ಷಗಳು ಕಳೆದಂತೆ ಅದು ಒಣಗಿ ಸುಣ್ಣದ ಹಕ್ಕಳೆಯಂತಾಗಿತ್ತು. ಅದನ್ನು ಸ್ಪಿರಿಟ್ಟಿನಿಂದ ಒರೆಸಿ, ಹೆಸರುಕಾಳಿನಷ್ಟು ಹೊಸ ಲೇಪವನ್ನಿಟ್ಟು ಮತ್ತೆ ಬಿಗಿದೆವು. ಲೇಪದ ಕೊಳವೆಯ ಬೆಲೆ ಒಂದು ಹೊತ್ತಿನ ಕಾಫಿ ತಿಂಡಿಯ ಖರ್ಚಿಗಿಂತ ಹೆಚ್ಚಿರಲಿಲ್ಲ. ಬಯಾಸ್ ಪುಟದ ಅಂಕಿ ಆಮೇಲೆ 51ರ ಹತ್ತಿರ ಬಂದು ನಿಂತಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಯಂತ್ರವು ಆರಿದ್ದು ಅದು ಕೆಟ್ಟಿದ್ದರಿಂದಲ್ಲ, ಕೆಡಬಾರದೆಂದು ಆರಿತು. ಇಂದಿನ ಪ್ರೊಸೆಸರುಗಳು ತಾಪ ಏರಿದಾಗ ಮೊದಲು ತಮ್ಮ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಅಷ್ಟಕ್ಕೂ ಇಳಿಯದಿದ್ದರೆ ಸುಟ್ಟುಹೋಗುವ ಮೊದಲು ತಾವೇ ವಿದ್ಯುತ್ತನ್ನು ಕಡಿದುಕೊಳ್ಳುತ್ತವೆ. ನಾವು ಉಪದ್ರವವೆಂದು ಬೈದದ್ದು ಅದರ ಆತ್ಮರಕ್ಷಣೆಯಾಗಿತ್ತು.

ವಾಚಕರ ಮನೆಗಳಲ್ಲಿ ಕಾರಣ ಬೇರೆಯಿರಬಹುದು. ಪಕ್ಕದ ಮನೆಯ ಪಂಪು ಚಾಲೂ ಆದಾಗಲೇ ಯಂತ್ರ ಆರುವುದಾದರೆ ವೋಲ್ಟೇಜನ್ನು ಅಳೆಸಬೇಕು. ಹೊತ್ತುಗೊತ್ತಿಲ್ಲದೆ ಆರುವುದಾದರೆ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯ ಮೇಲೆ ಸಂಶಯ. ಮನೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳಾಗಿ ಇಳಿಸುವುದು ಅದರ ಕೆಲಸ. ಅದನ್ನು ಬದಲಿಸಿ ನೋಡಬಹುದು, ಆದರೆ ಮನೆಯಲ್ಲಿ ಬಿಚ್ಚಲೇಬಾರದು, ಪ್ಲಗ್ಗು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ಚಾಲೂ ಮಾಡಿದ ನಾಲ್ಕೈದು ಸೆಕೆಂಡಿಗೇ ಆರಿದರೆ ಮುಂಭಾಗದ ಗುಂಡಿ ತೇವದಿಂದ ಒಳಗೇ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು. ಒತ್ತಿಹಿಡಿದರೆ ಆರುವುದು ಆ ಗುಂಡಿಯ ಧರ್ಮ. ಮದರ್‌ಬೋರ್ಡಿನ ಮೇಲಿನ ಉರುಟು ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅದನ್ನು ಬಲ್ಲವರಿಗೆ ತೋರಿಸಬೇಕು. ಇರುವೆ, ಹಲ್ಲಿ, ಕಣಜಗಳಿಗೂ ಬೆಚ್ಚನೆಯ ಪೆಟ್ಟಿಗೆ ಪ್ರಿಯವೆಂಬುದನ್ನು ಮರೆಯಬಾರದು. ಯಾವುದನ್ನೇ ಆಗಲಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದೇ ಇಲ್ಲ.

ಯಂತ್ರ ಸರಿಹೋದರೂ ನಮ್ಮ ಮನಸ್ಸು ಪೂರ್ತಿ ಹಗುರಾಗಲಿಲ್ಲ. ಮೊದಲು ಬೆರಳಚ್ಚಿಸಿದ ಪುಟಗಳು ಹಳೆಯ ಬಗೆಯ ಕನ್ನಡ ಅಕ್ಷರಶೈಲಿಯಲ್ಲಿದ್ದವು. 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶಗಳಿಂದ ನಮ್ಮಂಥ ಸಾವಿರಾರು ಮನೆಗಳಲ್ಲಿ ಕನ್ನಡ ಬೆರಳಚ್ಚು ಸಾಧ್ಯವಾಯಿತು. ಆ ಉಪಕಾರ ದೊಡ್ಡದು. ಆದರೆ ಹಳೆಯ ಶೈಲಿಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದರಿಂದ, ಆ ಅಕ್ಷರಶೈಲಿಯಿಲ್ಲದ ಬೇರೆ ಯಂತ್ರದಲ್ಲಿ ತೆರೆದರೆ ತಾಯಿಯವರ ಮಾತು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಎಲ್ಲ ಪುಟಗಳನ್ನೂ ಯೂನಿಕೋಡಿಗೆ ಪರಿವರ್ತಿಸಿದೆವು. ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಮೈಸೂರಿನ ಸೋದರಿಯ ಮನೆಗೆ ಕಳುಹಿಸಿದೆವು. ಬಂಡೀಪುರದ ಕಾಡಿನ ಹಾದಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಗಳಿಗೆ ಮುಚ್ಚಿರುತ್ತದೆಯಾಗಿ ಅದೂ ಹಗಲು ಬಸ್ಸಿನಲ್ಲಿಯೇ ಹೋಯಿತು. ಇನ್ನೊಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚುಹಾಕಿಸಿ ತಗಡಿನ ಪೆಟ್ಟಿಗೆಯಲ್ಲಿಟ್ಟೆವು.

ಪುಷ್ಯ ಮಳೆಯ ಹೊತ್ತಿಗೆ ಸಂಜೆಯ ಕೆಲಸ ಮತ್ತೆ ಆರಂಭವಾಯಿತು. ಹೀಟ್‌ಸಿಂಕನ್ನು ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ಶುಚಿಮಾಡುವುದೆಂದು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿದ್ದೇವೆ. ಗಡಿಯ ಈಚೆಯ ಮನೆಗಳಲ್ಲಿ ಇನ್ನೂ ಎಷ್ಟೋ ಹಿರಿಯರ ಬಾಯಲ್ಲಿ ಇಂಥ ಮಾತುಗಳು ಉಳಿದಿವೆಯೆಂದು ನಾವು ಬಲ್ಲೆವು. ಯಂತ್ರವಿದ್ದವರು ಯಂತ್ರದಲ್ಲಿ, ಇಲ್ಲದವರು ನೋಟ್‌ಬುಕ್ಕಿನಲ್ಲಿ ಅವನ್ನು ಬರೆದಿಡಲಿ, ಪ್ರತಿಯೊಂದನ್ನು ಬೇರೆ ಊರಿನ ಬಂಧುಗಳಲ್ಲಿಯೂ ಇರಿಸಲಿ ಎಂದು ನಮ್ಮ ಪ್ರಾರ್ಥನೆ.