ಮಂಡಿಯ ಪಾಲು, ಕಾರ್ಖಾನೆಯ ಷೇರು

ಶಿವಮೊಗ್ಗದ ಎಪಿಎಂಸಿ ಯಾರ್ಡ್. ಅಡಿಕೆ ಮಂಡಿಯ ಮುಂದೆ ಹಮಾಲರು ಚೀಲ ಇಳಿಸುತ್ತಿದ್ದಾರೆ. ಅಡಿಕೆಯ ಬಗೆಗಳಲ್ಲಿ ರಾಶಿ ಒಂದು ಕಡೆ, ಬೆಟ್ಟೆ ಇನ್ನೊಂದು ಕಡೆ, ಗೊರಬಲು ಮೂಲೆಗೆ. ಖರೀದಿದಾರನೊಬ್ಬ ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ. ನೀವು ಅವನನ್ನು ದಾಟಿ ಒಳಗೆ ಹೋಗಿ ಕೂರುತ್ತೀರಿ. ಮೇಜಿನ ಮೇಲೆ ಪಾಲುದಾರಿಕೆ ಪತ್ರ ಬಿಚ್ಚಿಟ್ಟಿದೆ; ಅದರ ಮುಂದೆ ಪಾಲುದಾರರಾಗಲಿರುವ ಮಾವ ಮತ್ತು ಹುಡುಗ.

‘ಮಾವ, ಲಾಭ-ನಷ್ಟ ಸಮಪಾಲು ಅಂತ ಇದೆಯಲ್ಲ. ಸಾಲವೂ ಅರ್ಧರ್ಧ ತಾನೇ?’

‘ಅದು ನಮ್ಮಿಬ್ಬರ ಲೆಕ್ಕ ಕಣೋ. ಸಾಲ ಕೊಟ್ಟವನು ನನ್ನೊಬ್ಬನಿಂದಲೇ ಪೂರ್ತಿ ವಸೂಲಿ ಮಾಡಬಹುದು. ಮನೆ, ತೋಟ ಎಲ್ಲಾ ಸೇರಿ.’

ಹುಡುಗ ಪುಟ ತಿರುವುತ್ತಾನೆ. 1932ರ ಪಾಲುದಾರಿಕೆ ಕಾಯ್ದೆ ಹೇಳುವುದೂ ಅದನ್ನೇ. ವ್ಯಾಪಾರದ ವಿಷಯದಲ್ಲಿ ಒಬ್ಬ ಹಾಕಿದ ಸಹಿ ಎಲ್ಲರನ್ನೂ ಕಟ್ಟಿಹಾಕುತ್ತದೆ. ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಒಬ್ಬ ಪಾಲುದಾರ ತೀರಿಕೊಂಡರೆ ಫರ್ಮೂ ಮುಗಿಯಿತು. ಫರ್ಮ್ ನೋಂದಣಿ ಕಡ್ಡಾಯವಲ್ಲ. ಆದರೆ ಮಾಡಿಸದಿದ್ದರೆ, ಬಾಕಿ ಉಳಿಸಿಕೊಂಡವನ ಮೇಲೆ ಕೋರ್ಟಿಗೆ ಹೋಗುವ ದಾರಿ ಮುಚ್ಚಿದಂತೆ. ಮಾವ ಪೆನ್ನು ಹುಡುಕುತ್ತಾರೆ.

ಭದ್ರಾವತಿಯ ಬಸ್ಸು ಹತ್ತಿ. ಇಳಿದು ಕಬ್ಬಿಣದ ಕಾರ್ಖಾನೆಯ ಗೇಟಿನ ಎದುರು ನಿಂತರೆ ನಿಯಮಗಳೇ ಬೇರೆ. 1918ರಲ್ಲಿ ಮೈಸೂರು ಸಂಸ್ಥಾನ ಕೈಹಾಕಿದ ಈ ಕಾರ್ಖಾನೆಯ ಕುಲುಮೆ ಉರಿದದ್ದು 1923ರಲ್ಲಿ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಆದರೂ ಅದು ಸರ್ಕಾರದ ಸ್ವತ್ತು, ಕಂಪನಿಯಾದದ್ದು 1962ರಲ್ಲಿ. ಆಮೇಲೆ ಅದು ಷೇರುಗಳ ಮೂಲಕ ಕೈ ಬದಲಾಯಿಸಬಹುದಾಯಿತು. 1989ರಲ್ಲಿ ಸರ್ಕಾರಿ ಉಕ್ಕು ಕಂಪನಿ ಸೈಲ್‌ನ ಅಧೀನ ಕಂಪನಿ, 1998ರಲ್ಲಿ ಅದರಲ್ಲೇ ವಿಲೀನ. ಕಾರ್ಖಾನೆ ಇದ್ದಲ್ಲೇ ಇತ್ತು, ಪ್ರತ್ಯೇಕ ಕಂಪನಿ ಮಾತ್ರ ಇಲ್ಲವಾಯಿತು.

ಕಂಪನಿಯೇ ಬೇರೆ, ಅದರ ಒಡೆಯನೇ ಬೇರೆ. 1896ರಲ್ಲಿ ಸಾಲೊಮನ್ ಎಂಬ ಲಂಡನ್ನಿನ ಬೂಟು ವ್ಯಾಪಾರಿಯ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಗಟ್ಟಿಮಾಡಿದ ತತ್ವ ಇದು. ಷೇರುದಾರ ಕಳೆದುಕೊಳ್ಳುವುದು ಷೇರಿಗೆ ಹಾಕಿದ, ಹಾಕಬೇಕಾದ ಹಣವನ್ನಷ್ಟೇ. ಅವನ ತೋಟ ಜಪ್ತಿಯಾಗುವುದಿಲ್ಲ.

ಭದ್ರಾವತಿಯದೇ ಪೇಪರ್ ಟೌನ್ ಕಡೆ ನಡೆಯಿರಿ. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ 1977ರಲ್ಲಿ ಸರ್ಕಾರಿ ಕಂಪನಿಯಾಯಿತು; 2015ರಲ್ಲಿ ಉತ್ಪಾದನೆ ನಿಂತಿತು. ಯಂತ್ರ ನಿಂತ ಮಾತ್ರಕ್ಕೆ ಕಂಪನಿ ಸಾಯುವುದಿಲ್ಲ. ನೋಂದಣಿಯಿಂದ ಹುಟ್ಟಿದ್ದನ್ನು ಕಾನೂನಿನ ಕ್ರಮದಲ್ಲೇ ಮುಗಿಸಬೇಕು. ಅಲ್ಲಿಯವರೆಗೆ ಅದರ ಸಾಲ, ಅದರ ಜಮೀನು ಎರಡೂ ಅದರ ಹೆಸರಿನಲ್ಲೇ.