ಪಿಕಪ್ ಇಂಜಿನ್ ಸದ್ದು: ಬಿಚ್ಚೋಕೆ ಮುಂಚೆ ಕೇಳಿ

ಈ ಸಲ ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ಗಾಡಿ ನಿಂತ್ರೆ ಬೆಳೆನೂ ಮನೇಲೇ ಉಳಿಯುತ್ತೆ, ಅದಕ್ಕೆ ಬರೀತಿದೀನಿ.

ನಮ್ಮ ಹಳೇ ಡೀಸೆಲ್ ಪಿಕಪ್ ನಿಮಗೆಲ್ಲ ಗೊತ್ತಿರೋದೇ. ಹಿಪ್ಪುನೇರಳೆ ಸೊಪ್ಪು, ಗೊಬ್ಬರ, ರಾಗಿ ಮೂಟೆ, ಕೊನೆಗೆ ಗೂಡು, ಎಲ್ಲಾ ಅದರಲ್ಲೇ. ಹೋದ ತಿಂಗಳು ಹಾರೋಹಳ್ಳಿಯಿಂದ ಗೊಬ್ಬರ ತುಂಬ್ಕೊಂಡು ಬರುವಾಗ ಏರಿನಲ್ಲಿ 'ಚುಕ್ ಚುಕ್' ಅಂತ ಸದ್ದು ಶುರುವಾಯ್ತು. ಮಾರನೇ ದಿನ ಖಾಲಿ ಗಾಡೀಲೂ ಕೇಳ್ತು. ಅದೇ ದಿನ ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟಿದ್ವಿ. ಇನ್ನು 5–6 ದಿನಕ್ಕೆ ಗೂಡು ಬಿಡಿಸಿ ರಾಮನಗರ ಮಾರ್ಕೆಟ್‌ಗೆ ಹಾಕ್ಲೇಬೇಕು. ತಡ ಆದಷ್ಟೂ ತೂಕ ಇಳಿಯುತ್ತೆ, ಇನ್ನೂ ಬಿಟ್ರೆ ಚಿಟ್ಟೆ ಗೂಡು ತೂತು ಮಾಡ್ಕೊಂಡು ಬರುತ್ತೆ. ನಿಮಗೆ ಹೇಳ್ಬೇಕಾಗಿಲ್ಲ.

ಒಂದು ಗ್ಯಾರೇಜ್‌ನಲ್ಲಿ ತೋರಿಸ್ದೆ. ಬಾನೆಟ್ ಎತ್ತಿ ಎರಡು ನಿಮಿಷ ಕೇಳಿ, "ಬೇರಿಂಗ್ ಹೋಗೈತೆ, ಇಂಜಿನ್ ಇಳಿಸ್ಬೇಕು, 60 ಸಾವಿರ ಇಟ್ಕೊಳಿ, ಹತ್ತು ದಿನ ಆಯ್ತದೆ" ಅಂದ್ರು. ಆ ರಾತ್ರಿ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ನಮ್ಮನೆಯವಳು ಅಂದ್ಲು: "ಹುಳ ಸೊಪ್ಪು ತಿನ್ನೋ ಸದ್ದು ಕಮ್ಮಿ ಆದ್ರೆ ಬಾಗಿಲಲ್ಲೇ ನಿಂತು ಹೇಳ್ತೀರಿ. ಇದನ್ನೂ ಒಂದ್ಸಲ ಕೂತು ಕೇಳಿ."

ಸರಿ ಅಂತ ಕೂತೆ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಆಕ್ಸಿಲರೇಟರ್ ಕೊಟ್ರೆ ಸದ್ದೂ ಜೊತೆಗೇ ಏರ್ತಿತ್ತು. ಅಂದ್ರೆ ಚಕ್ರದ್ದಲ್ಲ, ಇಂಜಿನ್‌ದೇ. ಆಮೇಲೆ ಇಂಜಿನ್ ಆಫ್ ಮಾಡಿ ಫ್ಯಾನ್ ಬೆಲ್ಟ್ ಬಿಚ್ಚಿ, ಒಂದು ನಿಮಿಷ ಮಾತ್ರ ಸ್ಟಾರ್ಟ್ ಮಾಡ್ದೆ. ಡೈನಮೋ, ವಾಟರ್ ಪಂಪ್ ಬೇರಿಂಗ್ ಆಗಿದ್ರೆ ಸದ್ದು ನಿಲ್ಬೇಕಿತ್ತು. ನಿಲ್ಲಲಿಲ್ಲ. ಆಯಿಲ್ ಲೈಟ್ ಹತ್ತಿರ್ಲಿಲ್ಲ, ಡಿಪ್‌ಸ್ಟಿಕ್ ಆಯಿಲ್ ಬೆರಳಲ್ಲಿ ಉಜ್ಜಿದ್ರೆ ಲೋಹದ ಚೂರೂ ಇರ್ಲಿಲ್ಲ. ಇಷ್ಟಕ್ಕೇ ಬೇರಿಂಗ್ ಚೆನ್ನಾಗೈತೆ ಅನ್ನೋಕಾಗಲ್ಲ, ಆದ್ರೆ ಇಂಜಿನ್ ಇಳಿಸೋ ಅವಸರ ಹೋಯ್ತು.

ಪಕ್ಕದೂರಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡೋ ವಯಸ್ಸಾದ ಮೇಸ್ತ್ರಿ ಒಬ್ರು ಇದ್ದಾರೆ. ಅವರನ್ನ ಕರ್ಕೊಂಡು ಬಂದೆ. ಉದ್ದದ ಸ್ಕ್ರೂಡ್ರೈವರ್ ತುದಿನ ಇಂಜಿನ್‌ಗೆ ಒತ್ತಿ, ಹಿಡೀನ ಕಿವಿಗೆ ಕೊಟ್ಕೊಂಡ್ರು. ಕೆಳಗಡೆ ಸದ್ದು ಕಮ್ಮಿ, ಮೇಲ್ಗಡೆ ಜೋರು. "ಬೇರಿಂಗ್ ಆದ್ರೆ ಕೆಳಗಿಂದ ಗುದ್ದಿದಂಗೆ ಬರ್ತದೆ ಕಣಪ್ಪ. ಇದು ಗಾಳಿ ಉಗಿಯೋ ಸದ್ದು" ಅಂದ್ರು. ಆಮೇಲೆ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸ್ತಾ ಬಂದ್ರು. ಮೂರನೇದಕ್ಕೆ ಸದ್ದು ಅರ್ಧಕ್ಕೆ ಇಳೀತು. ಆ ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಗೆ ಕಪ್ಪು ಕಟ್ಟಿತ್ತು. ನಟ್ ಮತ್ತೆ ಬಿಗಿದು ಸೋಪಿನ ನೀರು ಬಿಟ್ರೆ ಗುಳುಗುಳು ಅಂತ ಗುಳ್ಳೆ ಬಂತು.

ಇಂಜೆಕ್ಟರ್ ಕೆಳಗೆ ಒಂದು ತಾಮ್ರದ ವಾಷರ್ ಇರುತ್ತೆ. ಅದು ಸುಟ್ಟು ಸಿಲಿಂಡರ್ ಒಳಗಿನ ಬಿಸಿ ಗಾಳಿ ಸೋರ್ತಿತ್ತು, ಅಷ್ಟೇ. ಕೂತ್ಕೊಳ್ಳೋ ಜಾಗದ ಮಸಿ ಕೆರೆದು, ಹೊಸ ವಾಷರ್ ಹಾಕಿ ಬಿಗಿದ್ರು. ಕೂಲಿ ಸೇರಿ 700 ರೂಪಾಯಿ. ಹಾಗೇ ಓಡಿಸಿದ್ರೆ ಬಿಸಿ ಗಾಳಿ ಹೆಡ್ಡನ್ನೇ ತಿಂದುಬಿಡುತ್ತೆ, ಆಗ ನಿಜವಾಗ್ಲೂ ದೊಡ್ಡ ಖರ್ಚು ಅಂದ್ರು.

ಎರಡು ಮಾತು ನೆನಪಿಡಿ. ನಟ್ ಸಡಿಲಿಸೋದು ನಮ್ಮಂಥ ಹಳೇ ಪಂಪಿನ ಇಂಜಿನ್‌ಗೆ ಮಾತ್ರ, ಅದೂ ಗೊತ್ತಿರೋರೇ ಮಾಡ್ಬೇಕು. ಹೊಸ ಕಾಮನ್ ರೈಲ್ ಗಾಡೀಲಿ ಓಡುವಾಗ ಪೈಪ್ ಮುಟ್ಲೇಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳ್ಕೊಂಡು ಒಳಗೆ ಹೋಗುತ್ತೆ. ಇನ್ನೊಂದು, ಇಂಜಿನ್ ಓಡುವಾಗ ಬಗ್ಗಿ ನೋಡೋ ಮುಂಚೆ ಹೆಗಲ ಮೇಲಿನ ಟವಲ್ ತೆಗೆದಿಡಿ.

ಆ ಗ್ಯಾರೇಜ್‌ನೋರು ಮೋಸ ಮಾಡಿದ್ರು ಅಂತ ಹೇಳಲ್ಲ. ಕಬ್ಬಿಣದಲ್ಲಿ ಸದ್ದು ಹರಿದಾಡುತ್ತೆ, ಯಾರ ಕಿವಿಯಾದ್ರೂ ಮೋಸ ಹೋಗುತ್ತೆ. ಅದಕ್ಕೇ ಕಾಸು ಕಮ್ಮಿ ಆಗೋ ಪರೀಕ್ಷೆಗಳನ್ನ ಒಂದೊಂದಾಗಿ ಮೊದ್ಲು ಮುಗಿಸ್ಬೇಕು. ಅವಸರಕ್ಕೆ ಬಿದ್ದು ಹೂಂ ಅಂದಿದ್ರೆ ಆ ಬೆಳೆ ದುಡ್ಡೆಲ್ಲ ಇಂಜಿನ್‌ಗೇ ಹೋಗ್ತಿತ್ತು.

ಆರನೇ ದಿನ ಬೆಳಗಿನ ಜಾವ ಗೂಡು ತುಂಬ್ಕೊಂಡು ರಾಮನಗರಕ್ಕೆ ಹೊರಟ್ವಿ. ಏರಿನಲ್ಲಿ ರೇಡಿಯೋ ಆಫ್ ಮಾಡಿ ಕಿವಿ ಕೊಟ್ಟೆ. ಇಂಜಿನ್ ಸದ್ದು ಒಂದೇ ಸಮ ಇತ್ತು.